ಬಾಗಿಲಿಗೆ ಕೊಟ್ಟ ತೋಳು

ಮೇಲೂರಿನ ಬಾಟಲಿ ತೊಳೆಯುವವಳು ನಾನು, ಉರ್ಪಿ.
ಹೆಬ್ಬೆರಳು ಗಾತ್ರದ ಬಾಟಲಿ, ನೀಲಿ ಗಾಜು,
ಬಿರಡೆಗೆ ಕಂಪನಿಯ ಅರಗಿನ ಮುದ್ರೆ.
ಅವರು ಕುಡಿದ ಮೇಲೆ
ಬುಟ್ಟಿಗಟ್ಟಲೆ ನನ್ನ ಕೈಗೆ ಬರುತ್ತವೆ.
ಖಾಲಿ ಅನ್ನುತ್ತಾರೆ.
ಖಾಲಿ ಅನ್ನುವುದು ಉಳ್ಳವರ ಮಾತು.
ತಲೆಕೆಳಗು ಹಿಡಿದು, ನೂರು ಎಣಿಸುವವರೆಗೆ ಕಾದರೆ
ಯಾವ ಬಾಟಲಿಯೂ ಖಾಲಿಯಲ್ಲ.

ನಮ್ಮ ಕೆಳಗೇರಿಯಲ್ಲಿ ಕಲ್ಲುಬೇನೆ.
ಬೆಳ್ಳಿಗಣಿಗೆ ಇಳಿದವರಿಗೆ ಉಗುರಲ್ಲಿ ಶುರು.
ಮೊದಲು ಹೊಳಪು, ನೋಡಲಿಕ್ಕೆ ಚಂದವೇ,
ಹಬ್ಬಕ್ಕೆ ಬಳೆ ತೊಟ್ಟ ಹಾಗೆ.
ಆಮೇಲೆ ಮಣಿಕಟ್ಟು ಮಡಿಸದು, ಆಮೇಲೆ ಮೊಣಕೈ.
ಎದೆಗೆ ಬಂದ ದಿನ ಮನೆಯವರು
ಮಲಗಿಸುವುದಿಲ್ಲ, ನಿಲ್ಲಿಸುತ್ತಾರೆ.
ಹೊರಲು ಎಂಟು ಜನ ಬೇಕು;
ಗೋಡೆಗೆ ಆನಿಸಿದರೆ ಒಂದು ಕಂಬವಾದರೂ ಆಯಿತು.
ನಮ್ಮ ಮನೆಯ ಭಾರ ಹೊತ್ತವನು ನಮ್ಮಪ್ಪ.
ಇದು ಮಾತಿಗೆ ಹೇಳಿದ್ದಲ್ಲ.

ಅರ್ಕ ಇದೆ. ಹಿಮದ ಅಂಚಿನಲ್ಲಿ
ನಾಲ್ಕೇ ದಿನ ಅರಳುವ ಹೂವಿನದು.
ಕಿತ್ತು, ಲಾಮಾಗಳ ಬೆನ್ನಿಗೇರಿಸಿ ತರುವವರು ನಮ್ಮವರು.
ಕುಡಿಯುವವರು, ಗಣಿಯ ಬಾಯಿಯನ್ನೇ ಕಾಣದವರು:
ಮುನ್ನೆಚ್ಚರಿಕೆಗಂತೆ, ಊಟದ ಮೇಲೆ, ಒಣದ್ರಾಕ್ಷಿಯ ಜೊತೆ.
ಕೇಳಿದರೆ, ದಾಸ್ತಾನು ಕಡಿಮೆ, ನಿಮ್ಮ ಸರದಿ ಬರುತ್ತದೆ.
ಅಜ್ಜಿಯ ಸರದಿ ಚೀಟಿ ಈಗಲೂ ಪೆಟ್ಟಿಗೆಯಲ್ಲಿದೆ.
ಅಜ್ಜಿ ಹಿತ್ತಲ ಬೇಲಿಯಲ್ಲಿ.

ಹನಿಗೂಡಿದರೆ ಹಳ್ಳವಂತೆ.
ಮೂರು ಚಳಿಗಾಲ ಹನಿಗೂಡಿಸಿದೆ:
ಒಂದು ಚಮಚ. ಅದೂ ತುಳುಕುವಷ್ಟಲ್ಲ.
ಹ್ಯಾಟಿನ ಅಸ್ತರಿನಲ್ಲಿ ಹೊಲಿದಿಟ್ಟೆ, ಅಣ್ಣ ಸಾಯ್ರಿಗೆಂದು.
ಅವನ ಬಲಗೈ ಆಗಲೇ ಭುಜದವರೆಗೆ.
ಎಡಗೈಯಲ್ಲಿ ಒಣ ಆಲೂಗಡ್ಡೆ ಸುಲಿಯುತ್ತ ನಗುತ್ತಿದ್ದ:
"ಜಗಳಕ್ಕೆ ಒಳ್ಳೆಯದು ಬಿಡು,
ಯಾರ ಹಲ್ಲಾದರೂ ಉದುರುತ್ತೆ."

ದಿನಾ ಸಂಜೆ ಗೇಟಿನಲ್ಲಿ
ನನ್ನ ಅಂಗೈ ತಡವಿ ನೋಡುವ ಕಾವಲಿನ ಹಸಿಂತೋ
ಒಂದು ದಿನ ಕೈಗವಸು ಕಳಚಲಿಲ್ಲ.
ಮರುದಿನವೂ.
ಮೂರನೆಯ ದಿನ ತಡವಿ ನೋಡಿದವಳು ನಾನು.
ಗವಸಿನೊಳಗೆ ಐದು ತಣ್ಣನೆಯ ಬೆರಳು.
ಮೇಲೂರಿನ ಉಪ್ಪು ತಿಂದರೂ
ಬೇನೆಗೆ ಅವನು ಕೆಳಗೇರಿಯವನೇ.

ಚಮಚ ಅವನಿಗೆ ಕೊಟ್ಟೆ.
ಬದಲಿಗೆ ಉಗ್ರಾಣದ ಬೀಗದ ಕೈ, ಒಂದು ರಾತ್ರಿಯ ಮಟ್ಟಿಗೆ.
ಲೆಕ್ಕ ಸರಿ ಎಂದು ನನಗೆ ನಾನೇ ಹೇಳಿಕೊಂಡೆ.
ಸಾಯ್ರಿ ಬಹಳ ಹೊತ್ತು ಒಲೆಯನ್ನೇ ನೋಡಿದ.
"ನನ್ನದಾಗಿತ್ತಲ್ಲ, ಉರ್ಪಿ," ಅಂದ.
ಅಷ್ಟೇ. ಎದ್ದು ಕಂಬಳಿ ಹೊದ್ದ.

ನಲವತ್ತು ಮಂದಿ. ಕವಣೆ, ಹಾರೆ, ಗಣಿಯ ದೀಪ.
ಬೀಗ ತೆರೆಯಿತು. ಒಳಗೆ ಇನ್ನೊಂದು ಬಾಗಿಲು.
ಹಸಿಂತೋ ಹೇಳಲು ಮರೆತನೋ, ಗೊತ್ತಿದ್ದೂ ನುಂಗಿದನೋ.
ಗಂಟೆ ಹೊಡೆಯಿತು; ಕಬ್ಬಿಣ ಗೋಡೆಯೊಳಗಿಂದ ಜಾರಿ ಬಂತು,
ಎತ್ತಿನ ಗಾತ್ರದ ಕಬ್ಬಿಣ.
ಸಾಯ್ರಿ ಓಡಲಿಲ್ಲ, ಕೂಗಲಿಲ್ಲ,
ಬಾಗಿಲಿಗೂ ಗೋಡೆಗೂ ನಡುವೆ
ತನ್ನ ತೋಳು ಇಟ್ಟ.
ಕಬ್ಬಿಣ ಕಿರುಗುಟ್ಟಿತು. ಕಲ್ಲು ಬಿರಿಯಲಿಲ್ಲ.
"ಬಗ್ಗಿ ಹೋಗ್ರೋ," ಅಂದ. ಒಬ್ಬೊಬ್ಬರೇ ಬಗ್ಗಿ ಹೋದೆವು.

ಕಪಾಟು, ಕಪಾಟು, ಮಾಡಿನವರೆಗೆ ನೀಲಿ.
ಬಾಟಲಿಗಳ ಮೇಲೆ ದೂಳು ಕೂತಿತ್ತು.
ಕಡಿಮೆ ಎಂದದ್ದರ ಮೇಲೆ ಅಷ್ಟು ದೂಳು!
ನಾನು ಒಂದನ್ನು ಕಿತ್ತು ಹಿಂದಕ್ಕೆ ಓಡಿದೆ.
ಬೇನೆ ಓಡಿದಷ್ಟು ನಾನು ಓಡಲಿಲ್ಲ.
ತುಟಿ ಆಗಲೇ ಬೆಳ್ಳಿ.

ಈಗ ಗಣಿಯವರು ಮೊದಲು ಕುಡಿಯುತ್ತಾರೆ.
ಮೇಲೂರಿನವರೂ ಸಾಲಿನಲ್ಲಿ ನಿಲ್ಲುತ್ತಾರೆ, ಗೊಣಗುತ್ತ.
ಎಲ್ಲರೂ ಅಣ್ಣನ ತೋಳಿನಡಿ ಬಗ್ಗಿಯೇ ಹೋಗಬೇಕು.
ಮಕ್ಕಳು ಅವನ ಮೊಣಕೈಗೆ ಟೋಪಿ ನೇತುಹಾಕುತ್ತಾರೆ.
ಹಸಿಂತೋ ಬೇರೆ ದಾರಿಯಲ್ಲಿ ಓಡಾಡುತ್ತಾನೆ.

ನಾನು ಈಗಲೂ ಬಾಟಲಿ ತೊಳೆಯುತ್ತೇನೆ.
ಸಂಜೆ ಕೊನೆಯದನ್ನು ಅವನ ಉಗುರಿನ ಮೇಲೆ
ತಲೆಕೆಳಗು ಹಿಡಿದು ಎಣಿಸುತ್ತೇನೆ.
ನಿನ್ನೆ ನೂರಾ ಹದಿನಾರಕ್ಕೆ ಕತ್ತಲಾಯಿತು.